ಈ ಗುಟ್ಟು ಇಟ್ಟುಕೊಳ್ಳುವಂಥದ್ದಲ್ಲ

ಪ್ರಶ್ನೆ: ಬಾಲಕರ ವೀಕ್ಷಣಾಲಯದಲ್ಲಿ ಆಪ್ತಸಮಾಲೋಚಕರ ಮೇಲ್ವಿಚಾರಕಿ ನಾನು. ಬಾಲಕನೊಬ್ಬ ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ನಮ್ಮ ಕಿರಿಯ ಸಮಾಲೋಚಕಿಗೆ ತಿಳಿಸಿ, ‘ಯಾರಿಗೂ ಹೇಳಬೇಡಿ ಅಕ್ಕ’ ಎಂದಿದ್ದಾನೆ. ಆಕೆಗೆ ನಿದ್ದೆಯೇ ಇಲ್ಲ. ಏನು ಮಾಡಲಿ?

ಉತ್ತರ: ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಇದನ್ನು ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆಯುಂಟು. ಇವತ್ತೇ ಸಮಾಲೋಚಕಿಯ ಜೊತೆ ಕೂತು, ಯಾರಿಗೆ, ಏಕೆ ತಿಳಿಸುತ್ತೀರಿ ಎಂಬುದನ್ನು ಮೊದಲು ಹುಡುಗನಿಗೇ ಹೇಳಿ. ಕೆದಕಿ ಕೇಳಬೇಡಿ; ಅವನ ಮಾತನ್ನು ಇದ್ದಂತೆಯೇ ಬರೆದಿಡಿ. ಆರೋಪಿ ಒಳಗಿನವರೇ ಆಗಿದ್ದರೆ ಬಾಲ ನ್ಯಾಯ ಮಂಡಳಿಗೂ ತಿಳಿಸಿ, ಹುಡುಗನ ರಕ್ಷಣೆಗೆ ತಕ್ಷಣ ವ್ಯವಸ್ಥೆ ಮಾಡಿ. ಸಾಯುವ ಮಾತಾಡಿದರೆ ಅಂದೇ ಮನೋವೈದ್ಯರಿಗೆ ತೋರಿಸಿ.

ಸಮಾಲೋಚಕಿಗೆ ವಾರಕ್ಕೊಂದು ಗಂಟೆ ಮೀಸಲಿಡಿ. ಆ ಹೊತ್ತು ಕಡತ ಪರಿಶೀಲನೆಗಲ್ಲ, ಅವರ ಮಾತು ಕೇಳಲು. ಕೆಲವು ದಿನ ಹೊಸ ಪ್ರಕರಣ ಕೊಡಬೇಡಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ಮನೋವೈದ್ಯರನ್ನು ಕಾಣಲಿ; ಅದಕ್ಕೂ ಮುನ್ನ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.