ಗೆಲ್ಲಿಸಿದ ಮೇಲೆ ಕೇಳಬೇಕಲ್ಲ

ಪುಟ್ಟಿ,

ಓಟು ಹಾಕಿ ಅಂತ ನೀನು ಕಳಿಸಿದ್ದೆಯಲ್ಲ, ಹಾಕಿದ್ದೇನೆ. ನಿಮ್ಮಪ್ಪನ ಫೋನು, ನಿಮ್ಮಮ್ಮನ ಫೋನು, ಮಹಡಿ ಮನೆ ಬಾಡಿಗೆ ಹುಡುಗರ ಫೋನು ಒಂದನ್ನೂ ಬಿಟ್ಟಿಲ್ಲವಂತೆ ನೀನು. ಇರಲಿ. ನಮ್ಮ ಜಿಲ್ಲೆಯ ಹುಡುಗ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಫಿನಾಲೆವರೆಗೆ ಬಂದಿದ್ದಾನೆ, ಗಂಟಲು ಚೆನ್ನಾಗಿದೆ, ನನಗೂ ಖುಷಿಯೇ. ಆದರೆ ಅವನ ಅಭಿಮಾನಿಗಳ ವಾಟ್ಸಾಪ್ ಗ್ರೂಪಿಗೆ ನನ್ನನ್ನೂ ಸೇರಿಸಿ ಬಿಟ್ಟಿದ್ದೀಯಲ್ಲ, ಅಲ್ಲಿಯ ಮಾತುಕತೆ ಓದಿದ ಮೇಲೆ ಸುಮ್ಮನಿರುವುದಕ್ಕೆ ಆಗಲಿಲ್ಲ. ಬೈಯುವುದಕ್ಕೆ ಬರೆಯುತ್ತಿಲ್ಲ. ಹಳೇ ಅಭಿಮಾನಿಯೊಬ್ಬಳು ಹೊಸ ಅಭಿಮಾನಿಗೆ ಹೇಳುತ್ತಿದ್ದಾಳೆ ಅಂದುಕೋ.

ಭಾನುವಾರ ರಾತ್ರಿಯಿಂದ ಸೋಮವಾರ ಮಧ್ಯಾಹ್ನದವರೆಗೆ ಆ ಗ್ರೂಪಿನಲ್ಲಿ ಮೆಸೇಜುಗಳ ಸುರಿಮಳೆ. ಜಡ್ಜುಗಳು ಬೆಂಗಳೂರಿನವರ ಕಡೆ ವಾಲುತ್ತಾರೆ, ಆ ಇನ್ನೊಂದು ಹುಡುಗಿಯ ಅಪ್ಪನಿಗೆ ದುಡ್ಡಿದೆ, ನಮ್ಮವನಿಗೆ ಬೇಕಂತಲೇ ಕಷ್ಟದ ಹಾಡು ಕೊಟ್ಟರು, ಹೀಗೆ. ಎಲ್ಲಾ ಓದಿದೆ. ಅವನು ಅವತ್ತು ಹಾಡಿದ ಹಾಡಿನ ಬಗ್ಗೆ ಒಬ್ಬರಾದರೂ ಒಂದು ಮಾತು ಆಡಿದ್ದಾರಾ ಅಂತ ಹುಡುಕಿದೆ, ಸಿಗಲಿಲ್ಲ. ಎರಡನೇ ಚರಣ ಎತ್ತುವಾಗ ಶ್ರುತಿ ಕೊಂಚ ಜಾರಿತು, ಪಲ್ಲವಿಗೆ ವಾಪಸ್ ಬರುವಷ್ಟರಲ್ಲಿ ತಾನೇ ಸರಿಮಾಡಿಕೊಂಡ. ಜಡ್ಜು ತಿದ್ದಲಿಲ್ಲ, ಯಾರೂ ಸನ್ನೆ ಮಾಡಲಿಲ್ಲ. ಆ ವಯಸ್ಸಿನ ಹುಡುಗ, ಅಷ್ಟು ಲೈಟುಗಳ ನಡುವೆ, ತನ್ನ ತಪ್ಪು ತಾನೇ ಕೇಳಿಸಿಕೊಂಡು ತಿದ್ದಿಕೊಂಡ ಅಂದರೆ ಅದು ಸಣ್ಣ ವಿಷಯವಲ್ಲ. ನಿಮ್ಮ ಗ್ರೂಪಿನಲ್ಲಿ ಹಬ್ಬ ಮಾಡಬೇಕಾಗಿದ್ದು ಅದಕ್ಕೆ.

ನಾವು ಹಾಡಿನ ಸ್ಪರ್ಧೆ ನೋಡಲು ಕಲಿತಿದ್ದು ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ. ಗಾಯಕ ಎಸ್ಪಿಬಿ ಕೂತಿರುತ್ತಿದ್ದರು. ಮಗು ಹಾಡಿ ಮುಗಿಸಿದ ಮೇಲೆ ಈ ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ಮೂಲದಲ್ಲಿ ಹಾಡಿದವರು ಯಾರು ಅಂತ ನಿಧಾನವಾಗಿ ಹೇಳೋರು. ಉಚ್ಚಾರ ತಪ್ಪಿದ್ದರೆ ಮಗುವಿನ ಮುಖ ಬಾಡದ ಹಾಗೆ, ತಾವೇ ಒಮ್ಮೆ ಹಾಡಿ ತೋರಿಸೋರು. ಅಲ್ಲಿ ಗೆದ್ದವರ ಹೆಸರು ನನಗೆ ಒಂದೋ ಎರಡೋ ನೆನಪಿರಬಹುದು, ಅಷ್ಟೇ. ಆದರೆ ಸಂಗೀತ ನಿರ್ದೇಶಕರಲ್ಲಿ ವಿಜಯಭಾಸ್ಕರ್ ಯಾರು, ಜಿ.ಕೆ. ವೆಂಕಟೇಶ್ ಯಾರು, ಇಬ್ಬರ ಹಾಡಿಗೂ ಏನು ವ್ಯತ್ಯಾಸ ಅಂತ ನನ್ನಂಥವಳಿಗೆ ತಿಳಿಯುವುದರಲ್ಲಿ ಆ ಕಾರ್ಯಕ್ರಮದ ಪಾಲು ದೊಡ್ಡದು. ಎಸ್ಪಿಬಿಯವರಿಗೆ ಸ್ಪರ್ಧೆಯ ಮೇಲೆ ಯಾಕೆ ಅಷ್ಟು ಮಮತೆ ಅಂದರೆ ಅವರೂ ಸ್ಪರ್ಧೆಯಿಂದಲೇ ಬಂದವರು. 1964ರಲ್ಲಿ ಮದರಾಸಿನ ಒಂದು ಸ್ಪರ್ಧೆಯಲ್ಲಿ ಹಾಡಿದಾಗ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿ ಅವರ ಕಿವಿಗೆ ಬಿದ್ದರು, ಸಿನಿಮಾದಲ್ಲಿ ಮೊದಲ ಹಾಡು ಹಾಡಿದ್ದು 1966ರಲ್ಲಿ. ಆಮೇಲೆ ತಾವು ಚೆನ್ನೈನಲ್ಲಿ ಕಟ್ಟಿದ ರೆಕಾರ್ಡಿಂಗ್ ಸ್ಟುಡಿಯೋಗೆ ಅವರು ಇಟ್ಟಿದ್ದು ಕೋದಂಡಪಾಣಿ ಅನ್ನುವ ಹೆಸರನ್ನೇ. ಕೇಳಿಸಿಕೊಂಡವರನ್ನು ಅವರು ಮರೆಯಲಿಲ್ಲ. ಆ ಸ್ಪರ್ಧೆಯಲ್ಲಿ ಯಾರು ಯಾರು ಸೋತರೋ ನಮಗೆ ಬೇಕೂ ಇಲ್ಲ.

ಸೋಲಿನ ಮಾತು ಬಂತು. ನಮ್ಮವನು ಫಿನಾಲೆಯಲ್ಲಿ ಸೋತರೆ ಚಾನೆಲ್ಲನ್ನೇ ಬಾಯ್ಕಾಟ್ ಮಾಡುತ್ತೇವೆ ಅಂತ ಯಾರೋ ಬರೆದಿದ್ದರು, ನೀನು ಅದಕ್ಕೆ ಚಪ್ಪಾಳೆ ಒತ್ತಿದ್ದೆ. ಅರಿಜಿತ್ ಸಿಂಗ್ ಅಂದರೆ ನಿನಗೆ ಪ್ರಾಣ. 2005ರಲ್ಲಿ ‘ಫೇಮ್ ಗುರುಕುಲ್’ ಅಂತ ಒಂದು ಸ್ಪರ್ಧೆಯಿತ್ತು, ಅದರಲ್ಲಿ ಅವನು ಫಿನಾಲೆಗೂ ಬರಲಿಲ್ಲ, ಮಧ್ಯದಲ್ಲೇ ಎಲಿಮಿನೇಟ್ ಆದ. ಅಲ್ಲಿ ಗೆದ್ದ ಇಬ್ಬರ ಹೆಸರು ನಿನಗೆ ಗೊತ್ತಾ? ಸೋತವನು ಆಮೇಲೆ ಸ್ಟುಡಿಯೋಗಳಲ್ಲಿ ಕೂತ. ಬೇರೆಯವರ ಹಾಡಿಗೆ ಮ್ಯೂಸಿಕ್ ಪ್ರೋಗ್ರಾಮಿಂಗ್ ಮಾಡಿದ, ಸಂಗೀತ ನಿರ್ದೇಶಕ ಪ್ರೀತಮ್ ಅವರ ಕೈಕೆಳಗೆ ದುಡಿದ. ಸಿನಿಮಾದಲ್ಲಿ ಅವನ ದನಿ ಬಂದಿದ್ದು 2011ರಲ್ಲಿ, ಮನೆಮನೆಗೆ ಮುಟ್ಟಿದ್ದು 2013ರ ‘ಆಶಿಕಿ 2’ ಬಂದಾಗ. ನಡುವಿನ ಆ ಎಂಟು ವರ್ಷ ಅವನು ಹೆಚ್ಚಾಗಿ ತೆರೆಯ ಹಿಂದೆಯೇ ಇದ್ದ. ಬಹುಶಃ ಅದೇ ಒಳ್ಳೆಯದಾಯಿತೇನೋ, ಯಾರ ಕಣ್ಣಿಗೂ ಬೀಳದೆ ಕೆಲಸ ಕಲಿತ.

ಇನ್ನೊಂದು ಕತೆ ಇದೆ, ಅದು ಸ್ವಲ್ಪ ಉದ್ದ. ನೀನು ತೊದಲು ಮಾತಾಡುತ್ತಿದ್ದ ಕಾಲದ್ದು, 2007. ಇಂಡಿಯನ್ ಐಡಲ್ ಮೂರನೇ ಸೀಸನ್. ಕೊನೆಗೆ ಉಳಿದವರು ಇಬ್ಬರು: ಶಿಲ್ಲಾಂಗಿನ ಅಮಿತ್ ಪಾಲ್, ಡಾರ್ಜಿಲಿಂಗಿನ ನೇಪಾಳಿ ಮಾತಿನ ಹುಡುಗ ಪ್ರಶಾಂತ್ ತಮಾಂಗ್. ಪ್ರಶಾಂತ್ ಕೋಲ್ಕತ್ತಾ ಪೊಲೀಸ್ ಕಾನ್‌ಸ್ಟೇಬಲ್. ಅಪ್ಪನೂ ಪೊಲೀಸ್ ಇಲಾಖೆಯಲ್ಲಿದ್ದವರು, ಅವರು ತೀರಿಕೊಂಡ ಮೇಲೆ ಮಗ ಕೆಲಸಕ್ಕೆ ಸೇರಿ ಪೊಲೀಸ್ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಆಗ ಓಟು ಅಂದರೆ ಎಸ್ಸೆಮ್ಮೆಸ್ಸು, ಪ್ರತಿಯೊಂದಕ್ಕೂ ದುಡ್ಡು. ಡಾರ್ಜಿಲಿಂಗ್, ಕಾಲಿಂಪಾಂಗ್, ಸಿಕ್ಕಿಂ ಕಡೆ ಊರೂರಿಗೆ ಅಭಿಮಾನಿ ಸಂಘ ಹುಟ್ಟಿತು, ಚಂದಾ ಎತ್ತಿದರು, ಮೆರವಣಿಗೆ ಮಾಡಿದರು. ಅತ್ತ ಶಿಲ್ಲಾಂಗಿನಲ್ಲಿ ಖಾಸಿಗಳಿಗೂ ಬಂಗಾಳಿಗಳಿಗೂ ಹಳೇ ಮನಸ್ತಾಪವಿದ್ದರೂ ಬಂಗಾಳಿ ಹುಡುಗ ಅಮಿತನನ್ನು ಎಲ್ಲರೂ ನಮ್ಮವನೇ ಅಂದರು. ಮೇಘಾಲಯದ ಮುಖ್ಯಮಂತ್ರಿಯೇ ಅವನನ್ನು ಸೌಹಾರ್ದದ ರಾಯಭಾರಿ ಅಂತ ಘೋಷಿಸಿದರು.

ಸೆಪ್ಟೆಂಬರ್ 23ಕ್ಕೆ ಪ್ರಶಾಂತ್ ಗೆದ್ದ. ಗುಡ್ಡದ ಊರುಗಳಲ್ಲಿ ದೀಪಾವಳಿ ಒಂದೂವರೆ ತಿಂಗಳು ಮುಂಚೆಯೇ ಬಂದಂತಾಯಿತು. ಅಷ್ಟರಲ್ಲಿ ದೆಹಲಿಯ ಎಫ್‌ಎಂ ರೇಡಿಯೋ ನಿರೂಪಕನೊಬ್ಬ, ನೇಪಾಳಿಗಳೆಲ್ಲ ಹಾಡಲು ಹೊರಟರೆ ರಾತ್ರಿ ಕಾವಲು ಕಾಯೋರು ಯಾರು ಅನ್ನುವ ಧಾಟಿಯಲ್ಲಿ ತಮಾಷೆ ಮಾಡಿದ. ಅವನಿಗದು ತಮಾಷೆ. ತಲೆತಲಾಂತರದಿಂದ ಈ ದೇಶದಲ್ಲೇ ಇದ್ದು, ಸೈನ್ಯದಲ್ಲಿ ದುಡಿದು, ಆದರೂ ‘ಎಲ್ಲಿಂದ ಬಂದೆ’ ಅನ್ನಿಸಿಕೊಳ್ಳುವ ಜನಕ್ಕೆ ಅದು ಹೊಟ್ಟೆಗೆ ಒದ್ದ ಹಾಗೆ. ಸಿಲಿಗುರಿಯಲ್ಲಿ ಪ್ರತಿಭಟನೆಯ ಮೆರವಣಿಗೆ ಗಲಭೆಯಾಯಿತು, ಕರ್ಫ್ಯೂ ಬಂತು, ಸೈನ್ಯ ಕರೆಸಬೇಕಾಯಿತು. ಪ್ರಶಾಂತನ ಪರವಾಗಿ ಜನ ಸೇರಿಸುವುದರಲ್ಲಿ ಮುಂದೆ ನಿಂತಿದ್ದ ಬಿಮಲ್ ಗುರುಂಗ್, ಅದೇ ಅಕ್ಟೋಬರ್ 7ರಂದು ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಪ್ರತ್ಯೇಕ ಗೂರ್ಖಾಲ್ಯಾಂಡ್ ರಾಜ್ಯದ ಬೇಡಿಕೆಗೆ ಮತ್ತೆ ಜೀವ ಬಂತು. ಒಂದು ಹಾಡಿನ ಸ್ಪರ್ಧೆಯ ಅಭಿಮಾನಿ ಬಳಗ ಎರಡೇ ವಾರದಲ್ಲಿ ರಾಜಕೀಯ ಪಕ್ಷದ ಬುನಾದಿಯಾಗಿತ್ತು.

ಇದನ್ನು ಹುಚ್ಚು ಅಂತ ತಳ್ಳಿಹಾಕುವ ಜನ ಇದ್ದಾರೆ, ನಾನು ಹಾಗನ್ನಲಾರೆ. ಆ ಜನಕ್ಕೆ ಟೀವಿಯಲ್ಲಿ ತಮ್ಮ ಮುಖದ ಹುಡುಗನೊಬ್ಬ ಕಂಡಿದ್ದು ಎಷ್ಟು ದೊಡ್ಡದು ಅಂತ ಬಯಲುಸೀಮೆಯಲ್ಲಿ ಕೂತ ನನಗೆ ಪೂರ್ತಿ ಅರ್ಥವಾಗುವುದೂ ಇಲ್ಲ. ನನ್ನ ತಕರಾರು ಬೇರೆ. ಈ ಗದ್ದಲದಲ್ಲಿ ಪ್ರಶಾಂತನ ಹಾಡು ಎಲ್ಲಿ ಹೋಯಿತು? ಅವನ ಹೆಸರು ಹೇಳಿದ ತಕ್ಷಣ ಓಟು ನೆನಪಾಗುತ್ತದೆ, ಮೆರವಣಿಗೆ ನೆನಪಾಗುತ್ತದೆ, ಚಳವಳಿ ನೆನಪಾಗುತ್ತದೆ. ಅವನು ಮುಂದೆ ನೇಪಾಳಿ ಸಿನಿಮಾಗಳಲ್ಲಿ ನಟಿಸಿದ, 2010ರ ‘ಗೂರ್ಖಾ ಪಲ್ಟನ್’ನಲ್ಲಿ ನಾಯಕನಾದ, ವೇದಿಕೆಗಳಲ್ಲಿ ಹಾಡಿದ. ಅಷ್ಟೊಂದು ಓಟು ಬಿದ್ದ ದನಿಗೆ ಹಿಂದಿ ಸಿನಿಮಾದ ಹಿನ್ನೆಲೆ ಗಾಯನದಲ್ಲಿ ಮಾತ್ರ ಜಾಗ ಆಗಲಿಲ್ಲ. ಓಟು ಹಾಕಿದವರು ಗೆಲ್ಲಿಸಿದ್ದು ತಮ್ಮನ್ನು. ತಪ್ಪಲ್ಲ, ಆದರೆ ಅದು ಸಂಗೀತದ ಅಭಿಮಾನವೂ ಅಲ್ಲ.

ನಮ್ಮ ಕಡೆಗೇ ಬಾ. ಹಾವೇರಿ ಜಿಲ್ಲೆಯ ಹನುಮಂತ, ಜೀ ಕನ್ನಡದ ಸರಿಗಮಪ ಸೀಸನ್ 15ರಲ್ಲಿ ಕುರಿ ಕಾಯುವ ಹುಡುಗ ಅಂತ ಬಂದು 2019ರಲ್ಲಿ ರನ್ನರ್ ಅಪ್ ಆದ. 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ. ಮುಗ್ಧ, ಹಳ್ಳಿ ಹೈದ ಅಂತ ನಾಡೆಲ್ಲ ಎತ್ತಿ ಆಡಿಸಿತು. ಆ ಸರಿಗಮಪ ಸೀಸನ್ ಗೆದ್ದವನು ಯಾರು ಅಂತ ನಿಮ್ಮ ಗ್ರೂಪಿನಲ್ಲಿ ಕೇಳು, ಎಷ್ಟು ಜನ ಹೇಳುತ್ತಾರೆ ನೋಡೋಣ. ಕೀರ್ತನ್ ಹೊಳ್ಳ. ಕತೆಯಿದ್ದವನು ನೆನಪಿನಲ್ಲಿ ಉಳಿದ, ಕಪ್ ಎತ್ತಿದವನನ್ನು ಹುಡುಕಬೇಕು. ಹಾಗಂತ ಕತೆಯಿದ್ದವನ ಹಾಡನ್ನಾದರೂ ನಾವು ಕಿವಿಗೊಟ್ಟು ಕೇಳಿದೆವಾ ಅಂದರೆ ಅದೂ ಅನುಮಾನವೇ. ನಿಮ್ಮ ಹುಡುಗನ ಬಗ್ಗೆಯೂ ಅದೇ ನಡೆದಿದೆ. ಪ್ರತಿ ವಾರ ಅವನ ಅಮ್ಮನ ಟೈಲರಿಂಗ್ ಮಿಷನ್ನು, ಸೋರುವ ಮನೆ, ಹಿಂದೆ ಅಳುವ ಪಿಟೀಲು. ಮನೆ ಸೋರುವುದು ನಿಜ, ಕಷ್ಟ ನಿಜ. ಆದರೆ ನಾಳೆ ಅವನು ನಾಲ್ಕು ಕಾಸು ದುಡಿದು ಮನೆಗೆ ಆರ್‌ಸಿಸಿ ಹಾಕಿಸಿ, ಕೂಲಿಂಗ್ ಗ್ಲಾಸ್ ಇಟ್ಟುಕೊಂಡು ಒಂದು ಫೋಟೋ ಹಾಕಿದ ದಿನ ‘ದುಡ್ಡು ಬಂದ ಮೇಲೆ ಬದಲಾದ’ ಅನ್ನುವವರೂ ಇದೇ ಗ್ರೂಪಿನವರೇ ಆಗಿರುತ್ತಾರೆ. ನೀನು ಅವರ ಜೊತೆ ಸೇರಬೇಡ. ಒಂದು ಓಟು ಹಾಕಿದ ಮಾತ್ರಕ್ಕೆ ಅವನೇನು ನಮ್ಮ ಮನೆ ಆಳಲ್ಲ. ಅವನು ಯಾವ ಬಟ್ಟೆ ಹಾಕಬೇಕು, ಯಾರ ಜೊತೆ ಡ್ಯುಯೆಟ್ ಹಾಡಬೇಕು, ಯಾರನ್ನು ಮದುವೆಯಾಗಬೇಕು ಅನ್ನುವುದೆಲ್ಲ ಅವನಿಗೆ ಬಿಟ್ಟಿದ್ದು.

ಹೋದ ಸಲ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇತ್ತು. ಹಿಂದಿನ ಯಾವುದೋ ಸೀಸನ್ನಿನಲ್ಲಿ ಸೆಮಿಫೈನಲ್‌ವರೆಗೆ ಬಂದ ಹುಡುಗನನ್ನು ಕರೆಸಿದ್ದರು. ನಾನು ವೇದಿಕೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದೆ. ರಾತ್ರಿ ಹತ್ತೂಮುಕ್ಕಾಲು. ಅವನಿಗೆ ನೆಗಡಿ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಟೀವಿಯಲ್ಲಿ ಹೆಸರು ತಂದುಕೊಟ್ಟ ಅದೇ ಹಾಡನ್ನು ಒಮ್ಮೆ ಹಾಡಿದ, ಜನ ಒನ್ಸ್ ಮೋರ್ ಅಂದರು, ಮತ್ತೆ ಹಾಡಿದ. ಮೂರನೇ ಸಲಕ್ಕೆ ಕೀಬೋರ್ಡಿನವನ ಕಡೆ ಬೆರಳು ಕೆಳಗೆ ಮಾಡಿ ತೋರಿಸಿ ಶ್ರುತಿಯನ್ನು ಒಂದು ಮನೆ ಇಳಿಸಿಕೊಂಡ. ಮೇಲಿನ ಸ್ವರ ಬರುವಲ್ಲಿ ಮೈಕನ್ನು ಜನರ ಕಡೆ ಹಿಡಿದ. ಜನ ‘ಹೋ’ ಅಂದು ತಾವೇ ಹಾಡಿದರು, ತಮ್ಮ ಮೇಲೆ ಎಷ್ಟು ಪ್ರೀತಿ ಅಂದುಕೊಂಡರು. ಅವನು ಆ ಎರಡು ಸಾಲಿನಷ್ಟು ಹೊತ್ತು ಗಂಟಲಿಗೆ ವಿಶ್ರಾಂತಿ ಕೊಟ್ಟಿದ್ದ. ಆಮೇಲೆ ‘ನಾನೇ ರಾಗ ಹಾಕಿದ ಒಂದು ಹಾಡಿದೆ, ಹಾಡಲಾ’ ಅಂತ ಕೇಳಿದ. ಹಾಡು ಶುರುವಾದದ್ದೇ ತಡ, ಅರ್ಧ ಜನ ಮಿರ್ಚಿ ಬಜ್ಜಿ ಗಾಡಿ ಕಡೆ ಎದ್ದರು. ಮೊಬೈಲುಗಳು ಕೆಳಗಿಳಿದವು. ಒಳ್ಳೆಯ ಹಾಡು ಅದು, ಪುಟ್ಟಿ. ಸಣ್ಣ ಮಾತುಗಳ ಹಾಡು, ಮಧ್ಯದಲ್ಲಿ ಒಂದು ಕಡೆ ತಾಳ ಬಿಟ್ಟು ಬರೀ ದನಿ ಇತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಸಮಿತಿಯವರು ‘ಫಾಸ್ಟ್ ಸಾಂಗ್ ಹೊಡೀರಿ ಸಾರ್’ ಅಂತ ಚೀಟಿ ಕಳಿಸಿದರು.

ಸ್ಪರ್ಧೆಯಿಂದ ಬಂದ ಬಹುಪಾಲು ಹಾಡುಗಾರರ ಬದುಕು ನಡೆಯುವುದು ಈ ವೇದಿಕೆಗಳ ಮೇಲೆಯೇ. ಸಿನಿಮಾದಲ್ಲಿ ವರ್ಷಕ್ಕೆ ಎಷ್ಟು ಹಾಡು ಬರುತ್ತವೆ, ಅವು ಎಷ್ಟು ಜನಕ್ಕೆ ಹಂಚಿ ಹೋಗುತ್ತವೆ, ನೀನೇ ಲೆಕ್ಕ ಹಾಕು. ಉಳಿದವರಿಗೆ ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆ, ಮದುವೆ ರಿಸೆಪ್ಶನ್. ಮುಂದಿನ ಸೀಸನ್ ಬಂತೆಂದರೆ ಹಳೇ ಸೀಸನ್ನಿನವನ ಸಂಭಾವನೆ ಇಳಿಯುತ್ತದೆ. ಓಟು ಹಾಕಿದವರು ಅಷ್ಟು ಹೊತ್ತಿಗೆ ಹೊಸಬನ ಗ್ರೂಪಿನಲ್ಲಿರುತ್ತಾರೆ.

ಸ್ಪರ್ಧೆ ಮರೆತು ಹಾಡು ಉಳಿದದ್ದೂ ಉಂಟು. ಶ್ರೇಯಾ ಘೋಷಾಲ್ ಕೂಡ ಟೀವಿಯ ಸರಿಗಮದಿಂದ ಬಂದವಳು ಅನ್ನುವುದು ನಿನ್ನ ವಯಸ್ಸಿನವರಿಗೆ ಗೊತ್ತೇ ಇರಲಿಕ್ಕಿಲ್ಲ. ಆ ಸರಿಗಮದ ಮೊದಲ ನಿರೂಪಕ ಸೋನು ನಿಗಮ್. 2006ರ ‘ಮುಂಗಾರು ಮಳೆ’ಯಲ್ಲಿ ಇಬ್ಬರೂ ಹಾಡಿದಾಗ ನಾವು ಯಾವ ಸ್ಪರ್ಧೆಯನ್ನೂ ನೆನೆಯಲಿಲ್ಲ. ಕನ್ನಡ ಶ್ರೇಯಾಳ ಮನೆಮಾತಲ್ಲ, ಆದರೂ ಳಕಾರ ಬರುವಲ್ಲಿ ಎಷ್ಟು ಜೋಪಾನ ಅಂತ ನಾನೂ ನಿಮ್ಮಮ್ಮನೂ ರೇಡಿಯೋ ಮುಂದೆ ಕೂತು ವಾದ ಮಾಡಿದ್ದುಂಟು. ನಿಮ್ಮಮ್ಮ ಒಪ್ಪಲಿಲ್ಲ, ಅವಳಿಗೆ ಯಾವಾಗಲೂ ಎಸ್. ಜಾನಕಿಯೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದರಲ್ಲಿ ಮಾತ್ರ ನನಗೆ ನಿಜವಾಗಿ ಸಿಟ್ಟಿದೆ. ಎದುರಾಳಿ ಹುಡುಗಿಯ ಮೈಬಣ್ಣ, ಬಟ್ಟೆ, ಅಪ್ಪನ ವ್ಯಾಪಾರ ಹಿಡಿದು ನಿಮ್ಮ ಗ್ರೂಪಿನಲ್ಲಿ ಬಂದ ಮಾತುಗಳು. ಅವಳಿಗೆ ಹತ್ತೊಂಬತ್ತು ವರ್ಷ. ಅವಳ ಮನೆಯವರು ಆ ಕಾಮೆಂಟುಗಳನ್ನು ಓದುತ್ತಾರೆ. ನಿಮ್ಮ ಹುಡುಗನೂ ಅವಳೂ ಐದಾರು ತಿಂಗಳಿಂದ ಒಂದೇ ಸೆಟ್ಟಿನಲ್ಲಿ ಅಭ್ಯಾಸ ಮಾಡುತ್ತಿದ್ದಾರೆ, ನಾಳೆ ಒಂದೇ ಟೆಂಪೋ ಟ್ರಾವೆಲರ್‌ನಲ್ಲಿ ಕಾರ್ಯಕ್ರಮಗಳಿಗೆ ಹೋಗುವವರು. ಮುಂದಿನ ಸಲ ಅಂಥದ್ದು ಬಂದರೆ ನೀನೇ ಅಲ್ಲಿ ‘ಇದು ಬೇಡ’ ಅಂತ ಬರೆಯಬೇಕು. ನಿನ್ನನ್ನು ಗ್ರೂಪಿನಿಂದ ತೆಗೆದರೆ ತೆಗೆಯಲಿ, ನಾನೂ ಹೊರಗೆ ಬರುತ್ತೇನೆ.

ಶನಿವಾರ ಫಿನಾಲೆ ನೋಡೋಣ, ಮನೆಗೆ ಬಾ. ಮಂಡಕ್ಕಿ ಒಗ್ಗರಣೆ ಮಾಡಿರುತ್ತೇನೆ. ಗೆದ್ದರೆ ಪಟಾಕಿ ನೀನೇ ತಂದುಕೊಳ್ಳಬೇಕು. ಮತ್ತೆ, ನಿಮ್ಮ ಹುಡುಗ ಸ್ಪರ್ಧೆಗೆ ಬರುವ ಮುಂಚೆ ಯೂಟ್ಯೂಬಿನಲ್ಲಿ ಹಾಕಿಕೊಂಡ ಒಂದು ಸ್ವಂತ ಹಾಡಿದೆ, ಟೆರೇಸಿನ ಮೇಲೆ ಕೂತು ಹಾಡಿದ್ದು. ಹಿಂದೆ ನೀರಿನ ಟ್ಯಾಂಕಿ ಕಾಣುತ್ತದೆ. ನಿಮ್ಮ ಗ್ರೂಪಿನವರು ಒಬ್ಬರೂ ಅದರ ಕೆಳಗೆ ಏನೂ ಬರೆದಿಲ್ಲ. ಅದರ ಸಾಹಿತ್ಯ ಯಾರದ್ದು ಅಂತ ಅಲ್ಲಿ ಹಾಕಿಲ್ಲ, ನನಗೆ ತಿಳಿಯಬೇಕಾಗಿದೆ. ಅವನನ್ನೇ ಕೇಳಿ ಹೇಳು.

ನಿನ್ನ
ದೊಡ್ಡಮ್ಮ