ಕಣ್ಣು ತೆರೆದೇ ಇತ್ತು

ಅಪ್ಪಿ, ಶನಿವಾರ ಬೆಳಿಗ್ಗೆ ಕಾರಿನ ಕೀಲಿ ಬಚ್ಚಿಟ್ಟವನು ನಾನೇ. ಸುಮ್ಮನೆ ನಿನ್ನ ಅಜ್ಜಿಯನ್ನು ದೂರಬೇಡ.

ಹಿಂದಿನ ರಾತ್ರಿ ಹನ್ನೊಂದಕ್ಕೆ ಆಫೀಸು ಮುಗಿಸಿ ನೀನು ಬೆಂಗಳೂರು ಬಿಟ್ಟೆ. ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗ ದಾಟಿ, ಆಯನೂರು, ರಿಪ್ಪನ್‌ಪೇಟೆ, ಹೊಸನಗರ ಅಂತ ಒಬ್ಬನೇ ಗಾಡಿ ಹೊಡೆದುಕೊಂಡು ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿ ನಿಂತಿದ್ದೆ. ಜಗಲಿಯ ಮೇಲೆ ಚಾ ಲೋಟ ಹಿಡಿದು ಕೂತೆ. ದೋಸೆಗೆ ಜೇನುತುಪ್ಪವೋ ಬೆಲ್ಲವೋ ಎಂದು ಅಜ್ಜಿ ಮೂರು ಸಲ ಕೇಳಿದಳು. ಮೂರನೇ ಸಲಕ್ಕೆ ನೀನು 'ಹೂಂ' ಎಂದೆ. ಅಷ್ಟರಲ್ಲಿ ಚಾದ ಮೇಲೆ ಕೆನೆ ಕಟ್ಟಿತ್ತು. ಆಮೇಲೆ ಗೆಳೆಯರ ಜೊತೆ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿಬರುತ್ತೇನೆ ಎಂದೆ. ಮಲಗಿ ಎದ್ದು ಹೋಗೋ ಎಂದರೆ, 'ನಂಗೆ ಅಭ್ಯಾಸ ಆಗಿದೆ ಅಜ್ಜಾ, ಏನೂ ಆಗಲ್ಲ' ಎಂದೆ. ಆ ಮಾತು ಕೇಳಿಯೇ ನಾನು ಕೀಲಿ ತೆಗೆದಿಟ್ಟದ್ದು.

ನನ್ನ ಎಡಗೈ ತೋರುಬೆರಳು ಸೊಟ್ಟಗಿರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಕೇಳಿದಾಗಲೆಲ್ಲ 'ಕತ್ತಿ ತಾಗಿತು' ಎಂದಷ್ಟೇ ಹೇಳಿ ಜಾರಿಕೊಂಡಿದ್ದೆ. ಪೂರ್ತಿ ಕತೆ ಇವತ್ತು ಹೇಳುತ್ತೇನೆ.

ನನಗಾಗ ಇಪ್ಪತ್ತೆರಡು. ಅಡಿಕೆ ಸುಗ್ಗಿ. ಒಂದು ರಾತ್ರಿ ನಗರ ಪೇಟೆಯ ಹತ್ತಿರ ಬಯಲಾಟ, ಚೆಂಡೆ ನಿಲ್ಲುವವರೆಗೂ ಕೂತು ನೋಡಿ ನಡೆದುಕೊಂಡೇ ಮನೆಗೆ ಬಂದೆ. ಬೆಳಿಗ್ಗೆ ಕೊನೆಗಾರ ಮರ ಹತ್ತಿದ. ಅವನ ಹಿಂದೆ ಕೊನೆ ಹೊರುವುದರಲ್ಲೇ ಹಗಲು ಕಳೆಯಿತು. ಕೊಯ್ದ ಹಸಿ ಅಡಿಕೆಯನ್ನು ಬಿಟ್ಟು ಮಲಗಲು ಬರುತ್ತದೆಯೇ? ರಾತ್ರಿ ಚಪ್ಪರದಡಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತೆವು. ನಮ್ಮ ಹೆಂಗಸರ ಕೈ ನಿನಗೆ ಗೊತ್ತಲ್ಲ, ಅಡಿಕೆ ಕತ್ತಿಗೆ ಮುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಸಿಪ್ಪೆ ಒಂದು ಕಡೆ, ಬೆಟ್ಟೆ ಒಂದು ಕಡೆ. ನಾನೂ ಅವರ ಸಮಕ್ಕೆ ಸುಲಿಯಬೇಕೆಂಬ ಹುರುಪಿನಲ್ಲಿದ್ದೆ. ಮಾತಾಡುತ್ತಿದ್ದೆ, ನಗುತ್ತಿದ್ದೆ. ನಿದ್ದೆ ಬಂದ ಹಾಗೇ ಇರಲಿಲ್ಲ. ಒಂದು ಅಡಿಕೆ ಕೈಗೆ ತಗೊಂಡದ್ದು ನೆನಪಿದೆ, ಆಮೇಲಿನದು ತೊಗರು ಹಿಡಿದ ಕಪ್ಪು ಕೈ ಕೆಂಪಾದದ್ದು. ನಡುವೆ ಏನೂ ಇಲ್ಲ. ಎದುರು ಕೂತ ನನ್ನ ಅತ್ತೆ, 'ತೂಕಡಿಸಲೇ ಇಲ್ವಲ್ಲೋ, ಕತ್ತಿಯನ್ನೇ ನೋಡ್ತಾ ಇದ್ದೆ' ಎಂದಳು. ಹೌದು, ಕಣ್ಣು ತೆರೆದೇ ಇತ್ತು.

ಆ 'ಏನೂ ಇಲ್ಲ'ದ ಗಳಿಗೆ ಏನೆಂದು ಬಹಳ ವರ್ಷ ನನ್ನ ತಲೆ ಕೊರೆದಿದೆ. ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡದ್ದನ್ನು ನಿನಗೆ ಹೇಳುತ್ತೇನೆ. ಎಚ್ಚರ ಎಂದರೆ ಇಡೀ ಮಿದುಳು ಎಚ್ಚರ, ನಿದ್ದೆ ಎಂದರೆ ಇಡೀ ಮಿದುಳು ನಿದ್ದೆ ಎಂದು ನಾವು ತಿಳಿದಿದ್ದೇವೆ. ಹಾಗಿಲ್ಲ. 2011ರಲ್ಲಿ ನಿದ್ದೆಗೆಡಿಸಿದ ಇಲಿಗಳ ಮಿದುಳನ್ನು ನೋಡಿದವರಿಗೆ, ಇಲಿ ಓಡಾಡುತ್ತಿರುವಾಗಲೇ ಅಲ್ಲೊಂದು ಇಲ್ಲೊಂದು ಜಾಗದ ನರಕೋಶಗಳು ಗಳಿಗೆಮಟ್ಟಿಗೆ ಆರಿಹೋಗುವುದು ಕಂಡಿತು. 2017ರಲ್ಲಿ ಮನುಷ್ಯರಲ್ಲೂ ಅದೇ ಬಗೆಯದು ಕಂಡಿತು. ಅಪಸ್ಮಾರದ ಚಿಕಿತ್ಸೆಗೆಂದು ಮಿದುಳಿನೊಳಗೆ ತಂತಿ ಇರಿಸಿಕೊಂಡಿದ್ದ ರೋಗಿಗಳು ನಿದ್ದೆಗೆಟ್ಟಾಗ, ಅವರ ನರಕೋಶಗಳ ಪ್ರತಿಕ್ರಿಯೆ ತಡವಾಗುತ್ತಿತ್ತು, ದುರ್ಬಲವಾಗುತ್ತಿತ್ತು. ಎದುರಿಗೆ ಚಿತ್ರ ಇರುತ್ತಿತ್ತು, ಕಣ್ಣು ಅದರ ಮೇಲೇ ಇರುತ್ತಿತ್ತು, ಗ್ರಹಿಕೆ ಮಾತ್ರ ಹಿಂದೆ ಬೀಳುತ್ತಿತ್ತು. ಮೂರು ಫೇಸಿನಲ್ಲಿ ಒಂದು ಹೋದಾಗ ನಮ್ಮ ಮನೆಯಲ್ಲಿ ಆಗುತ್ತದಲ್ಲ, ಹಾಗೆ. ಜಗಲಿಯ ದೀಪ ಉರಿಯುತ್ತಿರುತ್ತದೆ, ತೋಟದ ಪಂಪು ಎತ್ತುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ನಮ್ಮ ಮನೆಯಲ್ಲಿ ಕರೆಂಟು ಇದ್ದ ಹಾಗೇ ಕಾಣುತ್ತದೆ.

2025ರಲ್ಲಿ ಅಮೆರಿಕದ ಎಂಐಟಿಯವರು ಪ್ರಕಟಿಸಿದ್ದು ಇದಕ್ಕಿಂತ ಬೆರಗಿನದು. 26 ಜನರನ್ನು ಒಮ್ಮೆ ನಿದ್ದೆ ಮಾಡಿಸಿ, ಒಮ್ಮೆ ರಾತ್ರಿಯಿಡೀ ಎಚ್ಚರವಿರಿಸಿ ಪರೀಕ್ಷಿಸಿದರು. ಮಿದುಳಿನ ಸುತ್ತ ಒಂದು ತಿಳಿದ್ರವ ಇದೆ. ನಾವು ಮಲಗಿದಾಗ ಅದು ಅಲೆಅಲೆಯಾಗಿ ಒಳಗೆ ಹೊರಗೆ ಹರಿಯುತ್ತದೆ. ದಿನದ ಕಸ ತೊಳೆಯುವ ಕೆಲಸ ಅದರದ್ದು ಎಂಬುದು ವಿಜ್ಞಾನಿಗಳ ಅಂದಾಜು. ತೋಟದ ಬಸಿಗಾಲುವೆಯ ಹಾಗೆ ಎಂದುಕೋ. ನಿದ್ದೆಗೆಟ್ಟವರಲ್ಲಿ ಈ ಅಲೆ ಎಚ್ಚರದಲ್ಲೇ ಏಳುತ್ತಿತ್ತು. ಅಲೆ ಎದ್ದ ಗಳಿಗೆ ಯಾವುದೋ, ಗಮನ ಕಡಿದುಹೋದ ಗಳಿಗೆಯೂ ಅದೇ. ಕಣ್ಣಿನ ಪಾಪೆ ಅದಕ್ಕೂ ಮೊದಲೇ ಕಿರಿದಾಗತೊಡಗುತ್ತಿತ್ತು. ಎಂದರೆ ಮಿದುಳು ತನಗೆ ಸಲ್ಲಬೇಕಾದ ನಿದ್ದೆಯನ್ನು ಬಿಟ್ಟುಕೊಡುವುದಿಲ್ಲ. ನೀನು ಹಾಸಿಗೆಯಲ್ಲಿ ಕೊಡದಿದ್ದರೆ ಸ್ಟೇರಿಂಗಿನ ಮುಂದೆ, ಮೂರು ನಾಲ್ಕು ಸೆಕೆಂಡುಗಳ ಚಿಲ್ಲರೆಯಾಗಿ ವಸೂಲು ಮಾಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ ಸುಮಾರು 67 ಮೀಟರು. ನಮ್ಮ ಮನೆ ಮೆಟ್ಟಿಲಿನಿಂದ ತೋಟದ ಬೇಲಿ ದಾಟಿ ಹೋಗುವಷ್ಟು ದೂರ. ಹುಲಿಕಲ್ಲಿನಲ್ಲಿ ಅಷ್ಟು ಉದ್ದದ ನೆಟ್ಟನೆಯ ರಸ್ತೆ ಎಲ್ಲಿದೆ ಹೇಳು? ಅಲ್ಲಿನ ಚಂಡಿಕಾಂಬೆಯ ಗುಡಿಯ ಮುಂದೆ ಡ್ರೈವರುಗಳು ಗಾಡಿ ನಿಲ್ಲಿಸಿ ಕೈಮುಗಿದೇ ಇಳಿಯುತ್ತಾರೆ. ನೀನೂ ನಿಲ್ಲಿಸು. ಆದರೆ ಮಲಗಿ ಎದ್ದು ಹೋಗಿ ನಿಲ್ಲಿಸು.

ನೀನು ಕುಡಿಯುವವನಲ್ಲ, ಅದು ನನಗೆ ಸಮಾಧಾನ. ಆದರೆ 1997ರಲ್ಲಿ ಆಸ್ಟ್ರೇಲಿಯದವರು ಅಳೆದು ನೋಡಿದ್ದಾರೆ: ಎದ್ದು 17 ಗಂಟೆ ಕಳೆದವನ ಕೈಕಣ್ಣಿನ ಹಿಡಿತ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇರುವವನ ಹಾಗಿರುತ್ತದೆ. ನಮ್ಮ ದೇಶದ ಕಾನೂನು 30 ದಾಟಿದರೆ ಹಿಡಿದು ನಿಲ್ಲಿಸುತ್ತದೆ. ಬೆಳಿಗ್ಗೆ ಏಳಕ್ಕೆ ಎದ್ದವನಿಗೆ ನಡುರಾತ್ರಿಗೆ 17 ಗಂಟೆ. ಅಂದರೆ ನೀನು ಇನ್ನೂ ತುಮಕೂರು ದಾಟಿರಲಿಲ್ಲ.

ಇನ್ನು ಅಭ್ಯಾಸದ ಮಾತು. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು ಗುಂಪು ಮಾಡಿ, 14 ದಿನ ಕೆಲವರಿಗೆ ರಾತ್ರಿ ನಾಲ್ಕು, ಕೆಲವರಿಗೆ ಆರು, ಕೆಲವರಿಗೆ ಎಂಟು ಗಂಟೆ ಮಲಗಲು ಬಿಟ್ಟರು. ನಾಲ್ಕು, ಆರು ಗಂಟೆಯವರ ಗಮನ ದಿನದಿಂದ ದಿನಕ್ಕೆ ಇಳಿಯುತ್ತ, ಒಂದೆರಡು ರಾತ್ರಿ ಪೂರ್ತಿ ಕಣ್ಣು ಮುಚ್ಚದವರ ಮಟ್ಟಕ್ಕೆ ಬಂತು. ಕೇಳಿದರೆ ಮಾತ್ರ, ಸ್ವಲ್ಪ ನಿದ್ದೆ ಬಂದ ಹಾಗಿದೆ ಅಷ್ಟೆ ಎನ್ನುತ್ತಿದ್ದರು. ಬೀಳುತ್ತಿರುವುದು ಅವರಿಗೇ ಗೊತ್ತಿರಲಿಲ್ಲ. ನೀನು ಸುಳ್ಳು ಹೇಳಿದೆ ಎನ್ನುತ್ತಿಲ್ಲ ಅಪ್ಪಿ. ನಿನಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅಳೆಯುವ ಸೇರೇ ಸೀಳಿದ್ದರೆ ಬತ್ತ ಎಷ್ಟಿದೆ ಎಂದು ಯಾವುದರಲ್ಲಿ ಅಳೆಯುತ್ತೀಯ?

ಕೀಲಿ ಕಾಣದಾಗ ಅಜ್ಜಿಯ ಮೇಲೆ ರೇಗಿದೆಯಲ್ಲ, ಅದು ನಿನ್ನ ಸ್ವಭಾವ ಅಲ್ಲವೆಂದು ಅವಳಿಗೂ ಗೊತ್ತು. ಸಿಟ್ಟು ಹೆದರಿಕೆಗಳನ್ನು ಎಬ್ಬಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗ ಒಂದು ರಾತ್ರಿ ನಿದ್ದೆಗೆಟ್ಟರೆ ಸಾಕು, ಕೆರಳಿ ನಿಲ್ಲುತ್ತದೆ. ಅದರ ಮೂಗುದಾರ ಹಿಡಿಯಬೇಕಾದ ಹಣೆಯ ಹಿಂದಿನ ಮಿದುಳು ಕೈ ಸಡಿಲಿಸುತ್ತದೆ. ಆದರೂ ಅವಳಿಗೊಂದು ಫೋನು ಮಾಡು.

ನೀವು ರಾತ್ರಿಯಿಡೀ ಆಟ ನೋಡಲಿಲ್ಲವೇ, ಮಾಳದ ಮೇಲೆ ಕೂತು ಹಂದಿ ಕಾಯಲಿಲ್ಲವೇ ಎಂದು ನೀನು ಕೇಳಬಹುದು. ಕಾದಿದ್ದೇವೆ. ಮಾಳ ಕಾದವನನ್ನು ಹಗಲು ಯಾರೂ ಎಬ್ಬಿಸುತ್ತಿರಲಿಲ್ಲ. ಮೇಳದ ಕಲಾವಿದರು ರಾತ್ರಿ ಕುಣಿದರೆ ಹಗಲು ಮಲಗುತ್ತಾರೆ, ಅದು ಅವರ ದಿನಚರಿ. ನಾನು ಆ ಕ್ರಮ ಮುರಿದೆ, ಬೆರಳು ಸೊಟ್ಟಗಾಯಿತು. ನನ್ನ ಪುಣ್ಯ, ನನ್ನ ಮುಂದಿದ್ದದ್ದು ಕತ್ತಿ, ಘಾಟಿಯಲ್ಲ.

ಕಾಫಿ ಕುಡಿದು ಓಡಿಸಿದೆ ಎಂದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಕೂಡುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಅದರಿಂದ. ಕಾಫಿ ಆ ಸಾಲ ತೀರಿಸುವುದಿಲ್ಲ, ಸಾಲ ಕೊಟ್ಟವನು ಬಡಿಯುವ ಬಾಗಿಲಿಗೆ ಅಗುಳಿ ಹಾಕುತ್ತದೆ, ಅಷ್ಟೇ. ಕಣ್ಣು ಎಳೆದರೆ ಅರಸೀಕೆರೆಯೋ ಕಡೂರೋ, ಬೆಳಕಿರುವ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗು. ಕಾಫಿ ಕುಡಿದೇ ಮಲಗು, ಏಳುವ ಹೊತ್ತಿಗೆ ಅದೂ ಹತ್ತಿರುತ್ತದೆ. ಎದ್ದ ಕೂಡಲೇ ಓಡಿಸಬೇಡ, ಮುಖ ತೊಳೆದು ನಾಲ್ಕು ಹೆಜ್ಜೆ ನಡೆ.

ನಿನ್ನ ತಂಗಿಗೂ ಇದನ್ನು ಓದಿ ಹೇಳು. ಪಿಯುಸಿ ಪರೀಕ್ಷೆ ಎಂದು ಎರಡು ಗಂಟೆಯವರೆಗೆ ಕೂರುತ್ತಾಳೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದು ಮಲಗಿದ ಮೇಲೆ. ಒಲೆಯ ಮೇಲಿಟ್ಟ ಅಡಿಕೆಯನ್ನು ಬೇಯುವ ಮುಂಚೆ ಇಳಿಸಿದರೆ ಬಣ್ಣ ಬರುತ್ತದೆಯೇ? ಅವಳು ಓದು ಮುಗಿಸಿದ ಮೇಲೂ ಹೊದಿಕೆಯೊಳಗೆ ಅರ್ಧ ಗಂಟೆ ಬೆಳಕು ಕಾಣುತ್ತದೆ. ಆ ಮೊಬೈಲನ್ನು ಜಗಲಿಯ ಗೂಡಿನಲ್ಲಿಟ್ಟು ಹೋಗು ಎಂದರೆ ನನ್ನ ಮಾತು ಕೇಳಳು, ನಿನ್ನದು ಕೇಳುತ್ತಾಳೆ.

ಅವತ್ತು ಸಿಟ್ಟಿನಲ್ಲೇ ಹೋಗಿ ಮಲಗಿದವನು ಸಂಜೆ ಐದಕ್ಕೆ ಎದ್ದು ಬಂದೆ. ಅಷ್ಟು ಹೊತ್ತಿನಲ್ಲಿ ಒಂದು ಸಲ ಮಗ್ಗುಲು ಬದಲಿಸಿದ್ದೂ ನಾನು ನೋಡಲಿಲ್ಲ. ಎದ್ದವನೇ ಅಜ್ಜಿಯ ಹತ್ತಿರ, 'ದೋಸೆ ಹಿಟ್ಟು ಉಳಿದಿದೆಯಾ' ಎಂದು ಕೇಳಿದೆ. ಬೆಲ್ಲ ಬೇಕು ಎಂದು ನೀನೇ ಹೇಳಿದೆ.

ಮುಂದಿನ ಸಲ ರಾತ್ರಿ ಬಸ್ಸಿಗೆ ಬಾ. ಯಾವ ಬಸ್ಸು ಎಂದು ಹೇಳಿದರೆ ಸಾಕು, ಹೊಸನಗರದ ಸ್ಟ್ಯಾಂಡಿನಲ್ಲಿ ನಿನ್ನ ಅಪ್ಪ ನಿಂತಿರುತ್ತಾನೆ. ನೀನು ಗಾಡಿಯಲ್ಲಿ ಹೊರಟೆ ಎಂದು ಫೋನು ಬಂದ ರಾತ್ರಿ ನಿನ್ನ ಅಜ್ಜಿ ಮಲಗುವುದಿಲ್ಲ. ಅವಳಿಗೆ ಎಪ್ಪತ್ತನಾಲ್ಕು.