ಓವನ್ನಿನೊಳಗಿನ ಕಾವಿನ ಲೆಕ್ಕ

ಅಂಗೈ ಚಾಚಿ ಒಲೆಯ ಹದವನ್ನು ಅರಿಯುವ ಜಾಣ್ಮೆ ನಮ್ಮ ಹಿರಿಯರಲ್ಲಿತ್ತು. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ‘ಫೊರ್ನ್’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಪೋರ್ಚುಗೀಸರ ‘ಫೋರ್ನೊ’ ಕೊಂಕಣಿಯ ಬಾಯಲ್ಲಿ ಹೀಗಾಯಿತು. ಆ ಕಟ್ಟಿಗೆಯ ಫೊರ್ನಿನ ಸ್ಥಾನವನ್ನು ಹಲವು ಮನೆಗಳಲ್ಲಿ ಈಗ ವಿದ್ಯುತ್ ಓವನ್ ಆಕ್ರಮಿಸಿದೆ. ಅದರಲ್ಲಿ ಅಂಗೈಯ ಕೆಲಸವನ್ನು ಮಾಡುವುದು ಪೆನ್ಸಿಲಿಗಿಂತಲೂ ಸಣ್ಣದಾದ ಒಂದು ಲೋಹದ ಕಡ್ಡಿ. ಸೆನ್ಸರ್ ಎಂದು ಅದರ ಹೆಸರು. ಅದರ ಮಾತು ಸುಳ್ಳಾದರೆ ಆ ಸುಳ್ಳನ್ನು ಪತ್ತೆಹಚ್ಚುವ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ವಿಜ್ಞಾನ ವಿಭಾಗದ ಮಿತ್ರರು ಇದರಲ್ಲಿ ಹೊಸತೇನನ್ನೂ ಕಾಣದಿರಬಹುದು.

ಮೊದಲು ತತ್ತ್ವ. ಲೋಹದ ತಂತಿಯನ್ನು ಕಾಯಿಸಿದಷ್ಟೂ ಅದು ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ, ಎಂದರೆ ರೋಧ, ಹೆಚ್ಚುತ್ತದೆ. ಇದನ್ನೇ ಉಷ್ಣತೆಯ ಅಳತೆಗೆ ಬಳಸಬಹುದೆಂದು ವಿಲಿಯಂ ಸೀಮನ್ಸ್ 1871ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹೇಳಿದನು. 1887ರಲ್ಲಿ ಕ್ಯಾಲೆಂಡರ್ ಎಂಬವನು ಪ್ಲಾಟಿನಂ ತಂತಿಯ ಈ ಗುಣ ಎಷ್ಟು ನಂಬಿಗಸ್ತವಾದುದೆಂದು ತೋರಿಸಿಕೊಟ್ಟನು. ಪ್ಲಾಟಿನಂ ತುಕ್ಕು ಹಿಡಿಯುವುದಿಲ್ಲ. ನೂರು ಸಲ ಕಾಯಿಸಿ ಆರಿಸಿದರೂ ಅದೇ ಕಾವಿಗೆ ಅದೇ ರೋಧವನ್ನು ತೋರುತ್ತದೆ. ಓವನ್ನುಗಳಲ್ಲಿ ಕಾಣುವ ಒಂದು ಬಗೆಯ ಸೆನ್ಸರಿನ ರೋಧ ಮಂಜುಗಡ್ಡೆಯ ಶೈತ್ಯದಲ್ಲಿ 1000 ಓಮ್. ಕುದಿಯುವ ನೀರಿನಲ್ಲಿ 1385. 180 ಡಿಗ್ರಿಯಲ್ಲಿ ಸುಮಾರು 1685. ಒಂದು ಡಿಗ್ರಿಗೆ ಹೆಚ್ಚುಕಡಿಮೆ ನಾಲ್ಕು ಓಮ್ ಎಂದು ನೆನಪಿಟ್ಟರೆ ಸಾಕು. ಓವನ್ನಿನ ನಿಯಂತ್ರಕ ಫಲಕವು ಕಾವನ್ನು ನೋಡುವುದೇ ಇಲ್ಲ. ಅದು ಓಮುಗಳನ್ನು ಎಣಿಸಿ, ಕಾವು ಇಷ್ಟಿರಬೇಕೆಂದು ನಂಬುತ್ತದೆ, ಅಷ್ಟೆ. ಮುಂದಿನ ಕಥೆಯೆಲ್ಲ ಈ ನಂಬಿಕೆಯಿಂದಲೇ ಹುಟ್ಟಿದ್ದು.

ನಮ್ಮ ನೆರೆಮನೆಯಲ್ಲಿ ನಿವೃತ್ತ ಅಧ್ಯಾಪಿಕೆಯೊಬ್ಬರಿದ್ದಾರೆ. ಬೀದಿಗೆಲ್ಲ ಅವರು ‘ಟೀಚರ್’. ಕ್ರಿಸ್ಮಸ್ಸಿನ ಕುಸ್ವಾರಿಗಾಗಿ ಕೇಕುಗಳನ್ನು ಮಾಡಿ ಕೊಡುವುದರಿಂದ ಅವರಿಗೆ ಬರುವ ಹಣ ಚಿಕ್ಕದಲ್ಲ. ವರ್ಷದ ಔಷಧಿಯ ಖರ್ಚು ಅದರಿಂದಲೇ ಸಾಗಬೇಕು. ಡಿಸೆಂಬರಿನ ಆರಂಭದಲ್ಲಿ ಅವರ ಓವನ್ ಕೈಕೊಟ್ಟಿತು. “ಮಾರಾಯ, ಹೇಳಿದ ಹೊತ್ತಿಗೆ ತೆಗೆದರೆ ಮೇಲೆ ಬಿಳಚು, ನಡುವೆ ಹಸಿ ಹಿಟ್ಟು. ಮೂವತ್ತು ವರ್ಷದಲ್ಲಿ ಹೀಗಾದದ್ದಿಲ್ಲ,” ಎಂದರು. ದುರಸ್ತಿ ಅಂಗಡಿಯವರು ಓವನ್ನನ್ನು ತೆರೆಯದೆಯೇ ಫಲಕ ಹೋಗಿದೆಯೆಂದು ಹೇಳಿ, ಬದಲಿಸಲು ಹಲವು ಸಾವಿರ ರೂಪಾಯಿಯನ್ನೂ ಮೂರು ವಾರಗಳ ಅವಧಿಯನ್ನೂ ಕೇಳಿದ್ದರು. ಹಬ್ಬಕ್ಕೆ ಉಳಿದಿದ್ದುದು ಎರಡೇ ವಾರ. ನಾನು ಭೌತಶಾಸ್ತ್ರದ ಅಧ್ಯಾಪಕರೊಬ್ಬರಿಂದ ಮಲ್ಟಿಮೀಟರನ್ನು ಎರವಲು ಪಡೆದು ಅಲ್ಲಿಗೆ ಹೋದೆ.

ಕೇಕು ಬೇಯದಿರುವುದಕ್ಕೆ ಕಾರಣ ಒಂದೇ ಅಲ್ಲ. ಕಾಯಿಸುವ ಸುರುಳಿ ಸುಟ್ಟಿರಬಹುದು, ವೋಲ್ಟೇಜ್ ಇಳಿದಿರಬಹುದು, ಬಾಗಿಲಿನ ಅಂಚಿನಿಂದ ಬಿಸಿ ಸೋರುತ್ತಿರಬಹುದು. ಆದರೆ ಆ ಮೂರರಲ್ಲಿಯೂ ನಿಯಂತ್ರಕಕ್ಕೆ ಕಾವು ಸಾಲದೆಂಬುದು ತಿಳಿದೇ ಇರುತ್ತದೆ. ಆದುದರಿಂದ ‘ಕಾಯುತ್ತಿದೆ’ ಎಂದು ಸೂಚಿಸುವ ಕೆಂಪು ದೀಪ ಬಹಳ ಹೊತ್ತು ಉರಿಯುತ್ತಲೇ ಇರುತ್ತದೆ. ಟೀಚರರ ಓವನ್ನಿನಲ್ಲಿ ಆ ದೀಪ ಮೊದಲಿಗಿಂತ ಬೇಗನೆ ಆರುತ್ತಿತ್ತು. ಎಂದರೆ, ಕಾಯಿಸುವ ಶಕ್ತಿಗೆ ಕೊರತೆಯಿಲ್ಲ. ಸಾಕಷ್ಟು ಕಾದಿದೆಯೆಂದು ಯಾರೋ ಸುಳ್ಳು ವರದಿ ಕೊಡುತ್ತಿದ್ದಾರೆ. ಈ ಒಂದು ಲಕ್ಷಣವನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಯಾವ ಉಪಕರಣವೂ ಬೇಡ.

ಓವನ್ನಿನೊಳಗೆ ಇಡತಕ್ಕ ಉಷ್ಣಮಾಪಕವೊಂದನ್ನು ನಡುವಿನ ಹಲಗೆಯ ಮೇಲಿಟ್ಟು 180 ಡಿಗ್ರಿಗೆ ತಿರುಗಿಸಿದೆವು. ಇಂಥಲ್ಲಿ ಆತುರ ಸಲ್ಲದು. ಓವನ್ನಿನ ಕಾವು ಸದಾ ಏರಿಳಿಯುತ್ತಿರುವುದರಿಂದ ದೀಪ ಮೂರು ನಾಲ್ಕು ಸಲ ಹತ್ತಿ ಆರುವುದನ್ನು ಕಾದು, ಸರಾಸರಿಯನ್ನು ತೆಗೆಯಬೇಕು. ಸರಾಸರಿ 140 ಬಂತು. ನಲ್ವತ್ತು ಡಿಗ್ರಿಯ ಕೊರತೆ! ಲೆಕ್ಕ ಹಾಕಿ ನೋಡಿ: 140 ಡಿಗ್ರಿಯಲ್ಲಿ ಪ್ಲಾಟಿನಂ ತೋರಬೇಕಾದ ರೋಧ 1536 ಓಮ್, ಫಲಕ ಎಣಿಸುತ್ತಿರುವುದು 1685. ಎಲ್ಲಿಂದಲೋ ಸುಮಾರು 150 ಓಮ್ ಹೆಚ್ಚಿಗೆ ಬಂದು ಸೇರಿದೆ.

ಮುಂದಿನ ಕೆಲಸಕ್ಕೆ ಮೊದಲು ಒಂದು ಎಚ್ಚರಿಕೆ. ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. 230 ವೋಲ್ಟಿನ ಹತ್ತಿರ ಧೈರ್ಯಕ್ಕೆ ಬೆಲೆಯಿಲ್ಲ. ಓವನ್ ಪೂರ್ಣ ತಣಿದ ಮೇಲೆ ಹಿಂಬದಿಯ ತಗಡನ್ನು ಬಿಚ್ಚಿದೆವು. ಸೆನ್ಸರಿನ ಎರಡು ತಂತಿಗಳು ಒಂದು ಕನೆಕ್ಟರಿನ ಮೂಲಕ ಫಲಕದ ಕಡೆಗೆ ಹೋಗುತ್ತವೆ. ಫಲಕದಿಂದ ತಂತಿಗಳನ್ನು ಕಳಚಿ ಆ ತುದಿಯಲ್ಲಿ ಅಳೆದಾಗ 1260 ಓಮ್. ಆಮೇಲೆ ಕನೆಕ್ಟರನ್ನು ಬೇರ್ಪಡಿಸಿ ಸೆನ್ಸರೊಂದನ್ನೇ ಅಳೆದಾಗ 1113. ಅಡುಗೆಮನೆಯ ಉಷ್ಣತೆ ಅಂದು 29 ಡಿಗ್ರಿ. ಆ ಉಷ್ಣತೆಗೆ ಪ್ಲಾಟಿನಂ ತೋರಬೇಕಾದುದು ಸರಿಯಾಗಿ 1113. ಕಡ್ಡಿ ನಿರಪರಾಧಿ! ತಣ್ಣಗೆ ನಿಂತಿರುವ ಓವನ್ನನ್ನು ಫಲಕವು 67 ಡಿಗ್ರಿ ಬಿಸಿಯೆಂದು ತಿಳಿದಿತ್ತು. ಅಷ್ಟು ಸುಳ್ಳನ್ನು ಹೇಳಿದ್ದು ನಡುವಿನ ಕನೆಕ್ಟರ್. ಬೆರಳಿನಿಂದ ಅಲುಗಿಸಿದರೆ ಮೀಟರಿನ ಅಂಕಿಗಳು ಕುಣಿಯುತ್ತಿದ್ದವು. ಬಿಡಿಸಿ ನೋಡಿದರೆ ಒಳಗೆ ಹಸಿರು ಕಿಲುಬು.

ನಮ್ಮೂರಿನಲ್ಲಿ ಇದು ಆಶ್ಚರ್ಯವಲ್ಲ. ಕಡಲಿನ ಉಪ್ಪುಗಾಳಿ, ಅದರ ಮೇಲೆ ಆಟಿ ತಿಂಗಳ ಎಡೆಬಿಡದ ಮಳೆ. ಆ ನಾಲ್ಕು ತಿಂಗಳು ಓವನ್ ಬಳಕೆಯಿಲ್ಲದೆ ಮೂಲೆಯಲ್ಲಿರುತ್ತದೆ. ಪ್ಲಾಟಿನಂ ಹಾಳಾಗದಿದ್ದರೂ ಅದಕ್ಕೆ ಹೊಂದಿಸಿದ ಅಗ್ಗದ ಲೋಹದ ತುಂಡುಗಳು ಹಾಳಾಗುತ್ತವೆ. ಕಂಪನಿಗಳು ಈ ಜಾಗದಲ್ಲೇ ಕೈ ಬಿಗಿಹಿಡಿಯುವುದು ನನಗಂತೂ ಸರಿಕಾಣುವುದಿಲ್ಲ.

ಸೆನ್ಸರಿನ ಮೇಲೆ ಉಳಿದ ಸಂಶಯವನ್ನೂ ಕಳೆಯಲೆಂದು ಅದರ ಲೋಹದ ತುದಿಯನ್ನು ಮಾತ್ರ ಕುದಿಯುವ ನೀರಿಗೆ ಹಿಡಿದೆವು. ತಂತಿಗಳಿಗೆ ನೀರು ತಾಗಕೂಡದು. 1384 ಬಂತು. ಮಂಗಳೂರು ಸಮುದ್ರಮಟ್ಟದಲ್ಲಿರುವುದರಿಂದ ನಮಗೆ ಈ ಪರೀಕ್ಷೆ ಸುಲಭ. ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ಅಲ್ಲಿಯವರು 1370ರ ಆಸುಪಾಸನ್ನು ನಿರೀಕ್ಷಿಸಬೇಕು.

ಕಿಲುಬನ್ನು ಉಜ್ಜಿ ತೆಗೆದರೆ ಕೆಲವು ತಿಂಗಳು ನಡೆದೀತು. ಮತ್ತೆ ಬರುವುದು ಖಂಡಿತ. ಆದುದರಿಂದ ಬಿಸಿ ತಾಳುವ ಹೊಸ ಕನೆಕ್ಟರೊಂದನ್ನು ತಂದು ತಂತಿಗಳ ತುದಿಗೆ ಒತ್ತಿ ಕೂಡಿಸಿದೆವು. ಪ್ಲಾಸ್ಟಿಕ್ ಟೇಪು ಸುತ್ತುವುದು ಸಲ್ಲದು. ಓವನ್ನಿನ ಬೆನ್ನಿನ ಬಿಸಿಗೆ ಅದು ಕರಗುತ್ತದೆ. ಈಗ ಎರಡೂ ಕಡೆ 1113. ತಗಡನ್ನು ಮುಚ್ಚಿ 180ಕ್ಕೆ ಇಟ್ಟಾಗ ಉಷ್ಣಮಾಪಕವು 172ರಿಂದ 188ರ ನಡುವೆ ಏರಿಳಿಯಿತು. ಟೀಚರ್ ಮರುದಿನವೇ ಹಣ್ಣುಗಳನ್ನು ನೆನೆಹಾಕಿದ್ದ ಭರಣಿಯನ್ನು ಕೆಳಗಿಳಿಸಿದರು. ಒಪ್ಪಿಕೊಂಡ ಕೇಕುಗಳೆಲ್ಲ ಹಬ್ಬಕ್ಕೆ ಮೊದಲೇ ಮನೆಮನೆ ಸೇರಿದವು.

ಈ ಅಂಕಿಗಳನ್ನು ಎಲ್ಲ ಓವನ್ನುಗಳಿಗೂ ಅನ್ವಯಿಸುವಂತಿಲ್ಲ. ತಣ್ಣಗಿರುವಾಗ 110 ಓಮಿನ ಹತ್ತಿರ ತೋರುವ ಪ್ಲಾಟಿನಂ ಸೆನ್ಸರುಗಳೂ ಇವೆ. ಅವುಗಳಲ್ಲಿ ಹತ್ತು ಓಮಿನ ಕಿಲುಬೇ ಇಪ್ಪತ್ತಾರು ಡಿಗ್ರಿಯ ತಪ್ಪಿಗೆ ಸಾಕು. ಮೇಜಿನ ಮೇಲಿಡುವ ಅಗ್ಗದ ಓವನ್ನುಗಳಲ್ಲಿ ಬಹುಮಟ್ಟಿಗೆ ಇಂಥ ಸೆನ್ಸರೇ ಇರುವುದಿಲ್ಲ. ಬಿಸಿಗೆ ಹಿಗ್ಗುವ ದ್ರವವೋ ಬಾಗುವ ಲೋಹದ ಪಟ್ಟಿಯೋ ಸ್ವಿಚ್ಚನ್ನು ತಳ್ಳುತ್ತದೆ. ಇನ್ನು ಥರ್ಮಿಸ್ಟರ್ ಎಂಬ ಬಗೆಯದರ ಸ್ವಭಾವ ಸಾಮಾನ್ಯವಾಗಿ ತಿರುಗುಮುರುಗು: ಕಾದಷ್ಟೂ ರೋಧ ಇಳಿಯುತ್ತದೆ. ಅಲ್ಲಿ ಕಿಲುಬು ಸೇರಿದರೆ ಫಲಕವು ಓವನ್ ತಣ್ಣಗಿದೆಯೆಂದು ಭ್ರಮಿಸಿ ಕಾಯಿಸುತ್ತಲೇ ಹೋಗುತ್ತದೆ. ಕೇಕು ಹಸಿಯಾಗುವ ಬದಲು ಕರಕಲಾಗುತ್ತಿದ್ದರೆ ಮೀಟರನ್ನು ಹುಡುಕುವ ಮೊದಲು ಪ್ಲಗ್ಗನ್ನು ಕೀಳಿರಿ.